ಪಾಳಿ ಬದಲು

ಇನ್ನು ಈ ಮನೆಗೆ ಬರುವವರೇ,
ನಿಮ್ಮ ಹೆಸರು ಗೊತ್ತಿಲ್ಲ. ನಿಮ್ಮ ಕರಾರು ಪತ್ರದ
ಕೊನೆಯ ಸಾಲು ಮಾತ್ರ ಗೊತ್ತು, ನನ್ನದರಲ್ಲೂ ಅದೇ ಇತ್ತು:
ಕೈತೋಟದ ಕೊಳ ಒಣಗಕೂಡದು.
ಕಾಕ್ಸ್‌ಟೌನಿನಲ್ಲಿ ಈ ಬಾಡಿಗೆಗೆ ಒಂದು ಕಿಟಕಿ ಕೂಡ ಸಿಗುವುದಿಲ್ಲ.
ಕೊಳ ಸೋರುತ್ತದೆ, ಅದಕ್ಕೇ ಸಿಕ್ಕಿದೆ.

ನಾನು ನರ್ಸು. ವಾರ್ಡು ಬಿಡುವಾಗ
ಬೆಡ್ಡಿನಿಂದ ಬೆಡ್ಡಿಗೆ ನಡೆದು ಹೇಳಿ ಹೋಗುವುದು ರೂಢಿ.
ಇಲ್ಲಿರುವುದು ಒಂದೇ ಬೆಡ್ಡು.

ವಯಸ್ಸು: ಯಾರೂ ಸರಿಯಾಗಿ ಹೇಳರು.
ಮನೆಯೊಡತಿ ಗ್ಲಾಡಿಸಮ್ಮ, ತಾನು ಹುಟ್ಟುವಾಗಲೇ
ಅದು ಸೋರುತ್ತಿತ್ತು ಅನ್ನುತ್ತಾರೆ, ಕೊಂಚ ಹೆಮ್ಮೆಯಿಂದ.
ಉದ್ದ ಎಂಟು ಹೆಜ್ಜೆ, ಅಗಲ ಐದು, ಆಳ ಮೊಣಕಾಲು.
ನಡುವೆ ಕೊಕ್ಕು ಮುರಿದ ಕಲ್ಲಿನ ಹಂಸ.
ಗಪ್ಪಿ ಮೀನು ಎಣಿಸಲಾರದಷ್ಟು; ಕಪ್ಪೆ ಒಂದು,
ಕಂಡಿಲ್ಲ, ಕೇಳಿದ್ದೇನೆ.

ಮೊದಲ ತಿಂಗಳು ನಾನೂ ನಲ್ಲಿಗೆ ಪೈಪು ಸಿಕ್ಕಿಸಿ ಮಲಗುತ್ತಿದ್ದೆ.
ಒಂದು ಮಧ್ಯಾಹ್ನ, ನೈಟ್ ಡ್ಯೂಟಿಯ ನಿದ್ದೆ ಹತ್ತದೆ,
ಲೆಕ್ಕ ಹಾಕಿದೆ: ತೊರೆಕಾಡನಹಳ್ಳಿಯಿಂದ
ಪಂಪಿನ ಹೆಗಲಿಂದ ಪಂಪಿನ ಹೆಗಲಿಗೆ ಹತ್ತಿ
ಇಷ್ಟು ದೂರ ಬಂದ ಕಾವೇರಿ
ನನ್ನ ಕಿಟಕಿಯ ಕೆಳಗೆ, ಯಾರಿಗೂ ಹೇಳದೆ, ಇಳಿದು ಹೋಗುತ್ತಿದ್ದಾಳೆ.
ಎದುರು ವಠಾರದಲ್ಲಿ ಟ್ಯಾಂಕರಿಗೆ ಕಾದ ಕೊಡಗಳ ಸಾಲು.
ಎದ್ದು ನಲ್ಲಿ ನಿಲ್ಲಿಸಿದೆ.
ಅಂದಿನಿಂದ ಫಿಲ್ಟರು ಉಗುಳಿದ್ದು,
ಬಚ್ಚಲಲ್ಲಿ ಬಿಸಿನೀರು ಬರುವ ತನಕ ಹರಿದದ್ದು,
ಸಜ್ಜದ ಮೇಲೆ ಬಿದ್ದ ಮಳೆ. ಇಷ್ಟೇ ಇದರ ಪಥ್ಯ.
ಅಕ್ಕಿ ತೊಳೆದದ್ದು ಬೇಡ, ನಾರುತ್ತದೆ, ಮಾಡಿ ನೋಡಿದ್ದೇನೆ.

ಚಾರ್ಟು ಅಡುಗೆಮನೆ ಬಾಗಿಲ ಹಿಂದೆ ಇದೆ.
ಎಡಗಡೆ ಕುಡಿಸಿದ್ದು, ಬಲಗಡೆ ಇಳಿದದ್ದು.
ದಂಡೆಯ ಮೇಲಿನ ಬಕೆಟ್ಟು ತೆಗೆಯಬೇಡಿ, ಅದು ಸಾಕ್ಷಿ.
ಬಿಸಿಲು ಎರಡಕ್ಕೂ ಒಂದೇ;
ಬಕೆಟ್ಟಿನಲ್ಲಿ ಒಂದು ಬೆರಳು ಇಳಿದ ದಿನ
ಕೊಳದಲ್ಲಿ ನಾಲ್ಕು ಇಳಿದರೆ, ಮೂರು ಬೆರಳು ಕಳ್ಳತನ.

ಕಳ್ಳನನ್ನು ಹಿಡಿದದ್ದು ಹೀಗೆ: ಗಾಳಿ ಇಲ್ಲದ ಬೆಳಗ್ಗೆ,
ಸೂಜಿ ಇಲ್ಲದ ಸಿರಿಂಜಿನಲ್ಲಿ ನೇರಳೆ ಔಷಧ,
ಗೋಡೆಯ ಉದ್ದಕ್ಕೂ ಒಂದೊಂದೇ ಹನಿ.
ಎಲ್ಲ ಕಡೆ ಹೂವಾಗಿ ನಿಂತಿತು.
ಹಂಸದ ಕಾಲ ಬಳಿ ಮಾತ್ರ
ಒಂದು ಗಳಿಗೆ ಯೋಚಿಸಿ, ದಾರವಾಗಿ, ಒಳಗೆ ಹೋಯಿತು.
ಅಷ್ಟು ಮೆತ್ತಗೆ ಹೋಗುವುದನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ.

ಗಾರೆ ಕೆಲಸದ ಮುನಿವೀರಪ್ಪ ಬಂದು ಕೆರೆದ.
ಪದರದ ಕೆಳಗೆ ಪದರ: ಬಿಳಿ ಸಿಮೆಂಟು, ಟಾರು,
ಯಾರೋ ಅವಸರದಲ್ಲಿ ಮೆತ್ತಿದ ಎಂ-ಸೀಲು, ಅದರಲ್ಲಿ ಹೆಬ್ಬೆರಳಿನ ಗುರುತು,
ಎಲ್ಲಕ್ಕೂ ಕೆಳಗೆ ಸುಣ್ಣ, ಬೆಲ್ಲ, ಅಳಲೆಕಾಯಿ ಅರೆದ ಹಳೇ ಗಾರೆ.
ಅದನ್ನು ನೆಕ್ಕಿ ನೋಡಿದ, ದೇವರಾಣೆ.
"ಇದನ್ನ ಮುಟ್ಬಾರ್ದು ಕಣಮ್ಮಾ, ಇದೊಂದೇ ಗಟ್ಟಿ.
ಬಿರುಕು ಮುಚ್ಚಿದ್ರೆ ಸಾಯಲ್ಲ, ಮನೆ ಬದಲಾಯಿಸ್ತದೆ ಅಷ್ಟೇ."
ಹಾಗೇ ಆಯಿತು. ಹಂಸದ ಕಾಲು ಬಿಟ್ಟದ್ದು
ಮೂರು ತಿಂಗಳಿಗೆ ಈಶಾನ್ಯ ಮೂಲೆಗೆ ಬಿಡಾರ ಬಂತು,
ಅಡ್ವಾನ್ಸೂ ಕೊಡದೆ.

ಹಾಂ, ಇನ್ನೊಂದು. ಗ್ಲಾಡಿಸಮ್ಮ ಸಂಜೆ ಬಂದು
ದಂಡೆಯ ಮೇಲೆ ಕೂತು, "ವಾಸಿಯಾಗುತ್ತಾ ಸಿಸ್ಟರ್?" ಅನ್ನುತ್ತಾರೆ.
ನಾಲ್ಕು ವರ್ಷ ಕೇಳಿದರು. ಮೊದಮೊದಲು ಸುಳ್ಳು ಹೇಳಿದೆ.
ಆಮೇಲೆ ಚಾರ್ಟು ತೋರಿಸಿದೆ.
ಈಗ ಇಬ್ಬರೂ ಸುಮ್ಮನೆ ಕಾಫಿ ಕುಡಿಯುತ್ತೇವೆ.
ನಿಮಗೆ ಕಾಫಿ ಆಗದಿದ್ದರೆ ಮೊದಲೇ ಹೇಳಿಬಿಡಿ.

ನಾಳೆ ನನ್ನ ಲಾರಿ. ಹೆಸರಘಟ್ಟ ರಸ್ತೆಯಲ್ಲಿ ಮೂರನೇ ಮಹಡಿ,
ಅಲ್ಲಿ ಸೋರುವಂಥದ್ದು ಏನೂ ಇಲ್ಲವಂತೆ.
ಸೀಮೆಸುಣ್ಣ ಕಿಟಕಿಯ ಮೇಲೆ, ಸಿರಿಂಜು ಡ್ರಾಯರಿನಲ್ಲಿ.
ಇವತ್ತು ಬೆಳಗ್ಗೆ ಆರಕ್ಕೆ: ಬಕೆಟ್ಟು ಒಂದು, ಕೊಳ ಎರಡೂವರೆ.
ಮೀನು ಚುರುಕು. ರಾತ್ರಿ ಕಪ್ಪೆ ಕೂಗಿತು, ಎರಡು ಸಲ.
ಗುಣವಾಗಿಲ್ಲ.
ನಿಮ್ಮ ಕೈಗೆ ಒಪ್ಪಿಸಿದ್ದೇನೆ.